ಸಿಹಿ ಎಂದ ನಾಲಿಗೆ

ವೇದಿಕೆಯ ನಡುವಿನ ದೊಡ್ಡ ಕುರ್ಚಿಯಲ್ಲಿ ಕುಳಿತಿರುವ ನೀರು ಸಮಿತಿಯ ಅಧ್ಯಕ್ಷರೇ, ಆಚೆ ದಡದಿಂದ ದೋಣಿಯಲ್ಲಿ ಬಂದು ಇನ್ನೂ ತಲೆ ಸುತ್ತುತ್ತಿರುವ ಮುಖ್ಯ ಅತಿಥಿಗಳೇ, ಭಾಷಣ ಮುಗಿದರೆ ತಿಂಡಿ ಎಂದು ಕಾದು ಕುಳಿತಿರುವ ನನ್ನ ದ್ವೀಪದ ಪ್ರೀತಿಯ ಸಭಿಕರೇ,

ಮೂವತ್ತೊಂದು ವರ್ಷ ಇಲ್ಲಿನ ಬಾವಿಗಳ ನೀರಿನ ರುಚಿ ನೋಡಿ, ಕುಡಿಯಬಹುದೋ ಬಾರದೋ ಎಂದು ಹೇಳಿದ್ದಕ್ಕಾಗಿ ಇವತ್ತು ನನಗೆ ಸನ್ಮಾನ. ಅದು ಮುಗಿದ ಮೇಲೆ ಹೊಸ ಬೋರ್‌ವೆಲ್ಲಿನ ನೀರನ್ನು ನಾನು ಒಂದು ಗುಟುಕು ಕುಡಿದು "ಸಿಹಿ" ಅನ್ನಬೇಕು, ಅತಿಥಿಗಳು ಸ್ವಿಚ್ ಹಾಕಬೇಕು, ನಾಳೆಯಿಂದ ಮನೆಮನೆಗೂ ಅದೇ ನೀರು ಹರಿಯಬೇಕು. ಕಾರ್ಯಕ್ರಮ ಪಟ್ಟಿಯಲ್ಲಿ "ಸಿಹಿ ಎನ್ನುವುದು" ಎಂದೇ ಅಚ್ಚಾಗಿದೆ. ನೀರು ಬರುವ ಮೊದಲೇ ಫಲಿತಾಂಶ ಬಂದಿರುವುದು ನಮ್ಮ ಸಮಿತಿಯ ದಕ್ಷತೆಗೆ ಸಾಕ್ಷಿ.

ಉಪ್ಪು ಅಳೆಯುವ ಮೀಟರ್ ಇಲ್ಲವೇ ಎಂದು ನೀವು ಕೇಳಬಹುದು. ಇದೆ ಸ್ವಾಮಿ! ಉಪ್ಪುಗಾಳಿಗೆ ಹಾಳಾದೀತೆಂದು ಅಧ್ಯಕ್ಷರ ಬೀರುವಿನಲ್ಲಿ ಭದ್ರವಾಗಿದೆ. ಮೀಟರಿಗೆ ಆಗದ ಉಪ್ಪು ನಮಗೆ ಆಗುತ್ತದೆ. ನಮ್ಮನ್ನೇನು ದುಡ್ಡು ಕೊಟ್ಟು ತಂದಿದ್ದಾರೆಯೇ?

ಈ ಕೆಲಸ ನನಗೆ ಬಂದದ್ದು ಅಮ್ಮನಿಂದ. ಅವಳು ಪ್ರತಿ ಬಾವಿಯ ಮುಂದೆ ಮೊದಲು ಮಳೆನೀರಿನಲ್ಲಿ ಬಾಯಿ ಮುಕ್ಕಳಿಸುತ್ತಿದ್ದಳು, ಆಮೇಲೆ ಬಾವಿಯ ನೀರು ಕುಡಿಯುತ್ತಿದ್ದಳು. "ಬಾಯಲ್ಲಿ ಮಳೆನೀರಿದ್ರೇನೇ ಕಣೇ ಉಪ್ಪು ಗೊತ್ತಾಗೋದು" ಅನ್ನುತ್ತಿದ್ದಳು. ನಾನೂ ಹಾಗೇ ಮಾಡುತ್ತಿದ್ದೆ. ಹತ್ತು ವರ್ಷದ ಹಿಂದೆ ಸಮಿತಿಯವರು ಮಳೆನೀರಿನ ತೊಟ್ಟಿಯನ್ನು ಒಣಗಿಸಿ, ಸಭೆ ಸಮಾರಂಭದ ಕುರ್ಚಿ ತುಂಬಿಡುವ ಕೋಣೆ ಮಾಡಿದರು. ಹೌದು, ಈಗ ನೀವು ಕೂತಿರುವ ಕುರ್ಚಿಗಳೇ. ಹಾಯಾಗಿ ಕೂತುಕೊಳ್ಳಿ. ನಾನು ಜಗಳವಾಡಲಿಲ್ಲ. ನಮ್ಮ ಮನೆ ಬಾವಿಯ ನೀರನ್ನೇ ಬಾಟಲಿಗೆ ತುಂಬಿಕೊಂಡು ಹೋಗಿ, ಅದರಲ್ಲೇ ಬಾಯಿ ಮುಕ್ಕಳಿಸಿದೆ. ಉಪ್ಪಿನಲ್ಲಿ ಬಾಯಿ ತೊಳೆದು ಉಪ್ಪು ಹುಡುಕಿದೆ. ಸಿಗಲಿಲ್ಲ. ವರ್ಷ ವರ್ಷವೂ ಸಿಗಲಿಲ್ಲ. ಎಲ್ಲ ಬಾವಿಯೂ ಸಿಹಿ, ಎಲ್ಲರೂ ಖುಷಿ!

ಕಳೆದ ವರ್ಷ ಆಚೆ ದಡದಿಂದ ಸೊಸೆ ಬಂದಳು. ಮೊದಲ ದಿನ ನಾನು ಕೊಟ್ಟ ಟೀ ಒಂದು ಗುಟುಕು ಕುಡಿದು, "ಅತ್ತೆ, ಸಕ್ಕರೆ ಡಬ್ಬಿ ಅಂತ ಉಪ್ಪಿನ ಡಬ್ಬಿಗೆ ಕೈ ಹಾಕಿದ್ರಾ?" ಎಂದಳು. ಯಾರ ಮನೆಯಲ್ಲಿ, ಯಾರಿಗೆ ಈ ಮಾತು? "ಈ ಊರಿಗೇ ರುಚಿ ಹೇಳೋಳು ನಾನು. ನಿಮ್ಮಮ್ಮ ನಿಂಗೆ ಕಲಿಸಿದ್ದು ಇದೇನಾ?" ಎಂದು ತರಾಟೆಗೆ ತೆಗೆದುಕೊಂಡೆ. ನೆರೆಮನೆಯವರೂ ಬಂದು ಅವಳಿಗೆ ಬುದ್ಧಿ ಹೇಳಿದರು. ಅವರು ಇಲ್ಲೇ ಎರಡನೇ ಸಾಲಿನಲ್ಲಿದ್ದಾರೆ. ತಲೆ ತಗ್ಗಿಸಬೇಡಿ, ನಿಮ್ಮನ್ನು ಎತ್ತಿಕಟ್ಟಿದವಳು ನಾನೇ. ಹುಡುಗಿ ಅದನ್ನೇ ಕುಡಿದಳು.

ಈಗ ಅವಳಿಗೆ ಏಳು ತಿಂಗಳು. ಕಾಲು ಊದಿ ಚಪ್ಪಲಿ ಹಿಡಿಸುತ್ತಿಲ್ಲ, ರಕ್ತದೊತ್ತಡ ಏರಿ ಕಣ್ಣು ಮಂಜಾಗಿದೆ. ಹೋದ ವಾರ ಆಚೆ ದಡದ ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರು "ಮನೇಲಿ ಎಂಥಾ ನೀರು ಕುಡೀತೀರಮ್ಮಾ?" ಎಂದು ಕೇಳಿದರು. ನಾನು ಎದೆಯುಬ್ಬಿಸಿ, "ನಾನೇ ರುಚಿ ನೋಡಿ ಪಾಸು ಮಾಡಿದ್ದು ಡಾಕ್ಟ್ರೇ" ಎಂದೆ. ಅವರು ನನ್ನ ಬಾಟಲಿಯ ನೀರನ್ನು ಪರೀಕ್ಷೆಗೆ ಕಳಿಸಿದರು. ಮಾರನೆಯ ದಿನ, "ಈ ನೀರು ಇನ್ನೊಂದು ಹನಿ ಅವಳ ಬಾಯಿಗೆ ಹೋಗ್ಬಾರ್ದು. ತಾಯಿ, ಮಗು ಇಬ್ರಿಗೂ ಅಪಾಯ" ಎಂದರು. ಸೊಸೆ ಆಸ್ಪತ್ರೆಯ ನೀರು ಕುಡಿದು, "ಇದು ಸಿಹಿ ಇದೆ ಅತ್ತೆ" ಎಂದಳು. ನಾನೂ ಕುಡಿದೆ. ಏನೋ ಕಮ್ಮಿ ಅನಿಸಿತು. ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಮುಗಿಸುತ್ತೇನೆ. ನಮ್ಮ ನೆಲದಡಿ ಮಳೆ ಇಂಗಿದ ಸಿಹಿನೀರು ಮೇಲೆ ತೆಳ್ಳಗೆ ನಿಂತಿದೆ, ಅದರ ಕೆಳಗೆ ಬರೀ ಸಮುದ್ರ. ಹೊಸ ಬೋರ್‌ವೆಲ್ ಹಳೆಯ ಬಾವಿಗಳಿಗಿಂತ ನಾಲ್ಕು ಪಟ್ಟು ಆಳ. ಇಂಜಿನಿಯರನ್ನು ಕೇಳೋಣವೆಂದರೆ ಅವರು ಇವತ್ತೇ ರಜೆ ಹಾಕಿದ್ದಾರೆ. ಈ ದ್ವೀಪದಲ್ಲಿ ಇನ್ನೂ ನಾಲ್ವರು ಬಸುರಿಯರಿದ್ದಾರೆ.

ಬೆಳಿಗ್ಗೆ ಯಾರಿಗೂ ಹೇಳದೆ ಹೋಗಿ ಆ ನೀರನ್ನು ಕುಡಿದು ನೋಡಿದೆ. ನನಗೆ ಸಿಹಿಯಾಗಿತ್ತು. ಅದಕ್ಕೇ ಕೈಮುಗಿದು ಕೇಳುತ್ತಿದ್ದೇನೆ, ಸ್ವಿಚ್ ಹಾಕಬೇಡಿ.

ಇಷ್ಟು ವರ್ಷ ನನ್ನ ಮಾತು ನಂಬಿ ಕುಡಿದ ನಿಮ್ಮೆಲ್ಲರಿಗೂ ಧನ್ಯವಾದ. ಇನ್ನು ನಂಬಬೇಡಿ. ನಮಸ್ಕಾರ.