ಖಾಲಿ ಚೀಲದ ತೂಕ

ಬರಕೊಳ್ರಿ ವಸ್ತಾದರ, ಬರಕೊಳ್ರಿ. ಪೆನ್ನು ಹಿಡದು ಕುಂತೀರಿ ಖರೇ, ಇನ್ನೂ ಒಂದಕ್ಷರ ಇಳಿಸಿಲ್ಲ. ಮೊದಲ ಆ ನೀರು ಕುಡೀರಿ. ನಾನ ತಂದಿಟ್ಟೇನಿ, ಹರವಿ ನೀರು, ತಣ್ಣಗ ಅದಾವ. ಬೆಲ್ಲ ಬಾಯಾಗ ಹಾಕ್ಕೊರಿ... ಯಾಕ? ಒಲ್ಲೆ ಅಂತ ಕೈ ಮಾಡ್ತೀರಲ್ಲ. ಮೋಟೆಬೆನ್ನೂರಿಂದ ಸೈಕಲ್ ತುಳಕೊಂತ ಬಂದೀರಿ, ಇಂಥಾ ಬಿಸಲಾಗ. ನಾಕು ವರ್ಷ ಆತು ನೀವು ನಮ್ಮನಿ ಹೊಸ್ತಿಲ ದಾಟಿ. ಇರ್ಲಿ. ತಂಬಗಿ ಅಲ್ಲೇ ಇರ್ಲಿ. ಬೇಕಾದಾಗ ಕುಡೀರಂತ.

ಒಳಗ ಯಾರಂತ ನೋಡಾಕತ್ತೀರೇನು? ನಮ್ಮಾಕಿ, ಮಂಗಳವ್ವ. ಮೆಣಸಿನಕಾಯಿ ತೊಟ್ಟು ಮುರಿಯಾಕತ್ತಾಳ. ದಲಾಲಿ ಅಂಗಡ್ಯಾಗಿಂದ ದಿನಾ ಎರಡು ಚೀಲ ಮನಿಗೆ ಕಳಸ್ತಾರ. ಚಟ್ ಚಟ್ ಅಂತ ಕೇಳಾಕತ್ತೈತಲ್ಲ, ಅದ. ಆಕಿ ಹೊರಗ ಬರೂದಿಲ್ರಿ. ಸಿಟ್ಟಾಗಬ್ಯಾಡ್ರಿ. ವೀರು ಸತ್ತ ಮರುದಿನ ಆಕಿ ನಿಮ್ಮ ಗರಡಿಮನಿಗೆ ಬಂದ್ಲು, ಅಖಾಡದ ಕೆಮ್ಮಣ್ಣು ಬೊಗಸಿ ತುಂಬ ತಗೊಂಡು ನಿಮ್ಮ ಮಾರಿಗೆ ಉಗ್ಗಿದ್ಲು. 'ನನ್ನ ಮಗನ್ನ ನೀರಿಲ್ಲದ ಕೊಂದ್ಯೋ ಇಸ್ಮಾಯಿಲಸಾಬ' ಅಂತ. ನೀವು ಮಾರಿ ಸೈತ ಒರಸ್ಕೊಳ್ಳಲಿಲ್ಲ. ನಾ ಅಲ್ಲೇ ಬಾಗಲದಾಗ ನಿಂತಿದ್ನಿ. ನೆನಪೈತಿ ನನಗ.

ಆತು, ಬಂದ ಕೆಲಸ ನೋಡೂಣ. ಗರಡಿ ಮತ್ತ ತೆಗೀಬೇಕಂತೀರಿ. ಹನ್ನೊಂದು ಹುಡುಗರು ಬರ್ತೀವಂದಾರ. ಮುಂದಿನ ತಿಂಗಳ ಹಾವೇರ್‍ಯಾಗ ಹುಡುಗರ ಕುಸ್ತಿ ಪಂದ್ಯಾವಳಿ. ಆದ್ರ ಅವರ ಅಪ್ಪ-ಅವ್ವ ಅಂಜಾಕತ್ತಾರ. 'ಆ ವಸ್ತಾದನ ಕೈಯಾಗ ಕೊಟ್ರ ತೂಕದ ಸೋಮಣ್ಣನ ಮಗನ ಗತಿನ' ಅಂತಾರ. ಅದಕ್ಕ, ಮನಿಯವರಿಗೆ ಏನೇನು ಗೊತ್ತಿರಬೇಕು ಅಂತ ಒಂದು ಹಾಳಿ ಬರದು, ಕೆಳಗ ನನ್ನ ಸಹಿ ಹಾಕಿಸ್ಕೊಂಡು, ಮನಿಮನಿಗೆ ಓದಿ ಹೇಳಬೇಕಂತ ನಿಮ್ಮ ವಿಚಾರ. ಮಗನ್ನ ಕಳಕೊಂಡವನ ಸಹಿ ಇದ್ರ ಮಂದಿ ನಂಬತಾರ. ಬರೊಬ್ಬರಿ ಐತಿ. ನನಗೇನು, ನಾ ಹೇಳ್ತೀನಿ, ನೀವು ಬರೀರಿ.

ಮೊದಲನೇದು ತಕ್ಕಡಿ. ಕುಸ್ತಿ ಅಂದ್ರ ಪಟ್ಟು, ತಾಕತ್ತು, ಬದಾಮಿ ಹಾಲು ಅಂತ ತಿಳದಾರ ನಮ್ಮ ಮಂದಿ. ಹುಡುಗರ ಕುಸ್ತಿ ಸುರು ಆಗೂದ ತಕ್ಕಡಿ ಮ್ಯಾಲ. ನಲವತ್ತೆರಡು, ನಲವತ್ತಾರು, ಐವತ್ತು ಕಿಲೋ, ಹಿಂಗ ಗುಂಪು ಮಾಡಿರ್ತಾರ. ಮುಂಜಾನೆದ್ದು ನಿಲ್ಲಿಸಿ ತೂಗ್ತಾರ. ನಲವತ್ತಾರರ ಗುಂಪಿಗೆ ಹೆಸರು ಕೊಟ್ಟವ ನೂರು ಗ್ರಾಂ ಹೆಚ್ಚಾದ್ರೂ ಹೊರಗ. ಆಮ್ಯಾಲ ಅವನ ಪಟ್ಟು ತಗೊಂಡು ಏನ್ ಮಾಡ್ತೀರಿ? ಬರೀರಿ: ಹುಡುಗನ್ನ ಮೊದಲ ಒಂದು ಆಸ್ಪತ್ರಿ ತಕ್ಕಡಿ ಮ್ಯಾಲ ನಿಲ್ಲಸಬೇಕು.

ಯಾಕ ನಗತೀರಿ? ಗೊತ್ತಾತು ಬಿಡ್ರಿ. ಆವಾಗ ಈ ಮಾತು ನೀವ ನನಗ ಹೇಳಿದ್ರಿ, ನಾ ನಿಮಗ ನಕ್ಕಿದ್ನಿ. ಇಪ್ಪತ್ತೆರಡು ವರ್ಷ ಬ್ಯಾಡಗಿ ಮಾರ್ಕೆಟ್‌ನ್ಯಾಗ ಮೆಣಸಿನಕಾಯಿ ತೂಗೇನಿ. ಚೀಲ ಎತ್ತಿದ್ರ ಸಾಕು, ಕೈ ಹೇಳ್ತೈತಿ ಇಷ್ಟ ಐತಿ ಅಂತ. ಸೋಮಣ್ಣನ ತೂಕ ತಪ್ಪು ಅಂತ ಒಬ್ಬ ರೈತ ಅಂದಿಲ್ಲ, ಒಬ್ಬ ದಲಾಲಿ ಅಂದಿಲ್ಲ. ನನ್ನ ಮಗನ್ನ ತೂಗಾಕ ಆಸ್ಪತ್ರಿ ಯಾಕ ಬೇಕು ಅಂದೆ. ದಿನಾ ಸಂಜಿಮುಂದ ಚೀಲ ತೂಗೂ ನಮ್ಮ ಕಾಟಾದ ಮ್ಯಾಲ ನಿಲ್ಲಸ್ತಿದ್ನಿ ವೀರೂನ್ನ. ಹಮಾಲರು ಸುತ್ತ ನಿಂತು ಚೇಷ್ಟಿ ಮಾಡ್ತಿದ್ರು. 'ಏ ಸೋಮಣ್ಣ, ಇದು ದಪ್ಪನ ಡಬ್ಬಿ ಮಾಲೋ, ಸಣಕಲ ಕಡ್ಡಿ ಮಾಲೋ?' 'ಕಡ್ಡಿನ ಐತ್ರಪಾ, ಇನ್ನಷ್ಟು ಒಣಗಬೇಕು' ಅಂತಿದ್ನಿ. ಅವನೂ ನಗತಿದ್ದ. ಹದಿನಾಕು ವರ್ಷದ ಹುಡುಗ, ಬೆಳಿಯೂ ಮೈ... ಒಣಗಬೇಕು ಅಂದವ ನಾನ.

ಒಂದು ಮಾತು ನಿಮಗ ಯಾವತ್ತೂ ಹೇಳಿಲ್ಲ. ಇವತ್ತು ಹೇಳಿಬಿಡ್ತೀನಿ. ನಮ್ಮ ಕಾಟಾ ಸೊನ್ನಿಗೆ ತರೂಮುಂದ ಮ್ಯಾಲೊಂದು ಖಾಲಿ ಗೋಣಿಚೀಲ ಇಟ್ಟು ತರ್ತೀವಿ. ಪ್ರತಿ ಸಲ ಚೀಲದ ತೂಕ ಕಳಿಯೂ ತ್ರಾಸ ಬ್ಯಾಡಂತ. ಚೀಲ ಒಂದು ಕಿಲೋ ತೂಗ್ತೈತಿ. ವೀರು ಏನು ಚೀಲದಾಗ ನಿಂತಿದ್ನೇನ್ರಿ? ಬರೇ ಚಡ್ಡಿ ಮ್ಯಾಲ ನಿಂತಿದ್ದ. ಕಾಟಾಕ್ಕೇನ್ ಗೊತ್ತು, ಅವನ ತೂಕದಾಗೂ ಒಂದು ಚೀಲ ಕಳದುಬಿಡ್ತು. ನಲವತ್ತೇಳು ಇದ್ದವನ್ನ ದಿನಾ ನಲವತ್ತಾರು ಅಂತು. ಅಷ್ಟು ವರ್ಷ ತೂಗಿದವಗ ಅದು ಹೊಳೀಲಿಲ್ಲ ನೋಡ್ರಿ. ಮಗನ ದಿನಕರ್ಮ ಮುಗಿಸಿ ಕೆಲಸಕ್ಕ ಹೋದ ಮೊದಲ ದಿನ, ಕಾಟಾದ ಮ್ಯಾಲ ಖಾಲಿ ಚೀಲ ಇಡೂಮುಂದ ಹೊಳೀತು. ಅಲ್ಲೇ ಕುಂತಬಿಟ್ನಿ. ಮಾಲು ತೂಗಸಾಕ ಬಂದಿದ್ದ ರೈತ ಪಾಪ, ಬಿಸಲು ಹತ್ತೈತಿ ಅಂತ ನನಗ ಗಾಳಿ ಹಾಕಿದ.

ಬರಕೊಂಡ್ರೇನು? ಬರಕೊಳ್ರಿ. ತಪ್ಪು ನಂದೂ ಐತಿ ಅಂತ ಒಪ್ಪಿಕೊಂಡ್ನಲ್ಲ. ಮತ್ಯಾಕ ಹಂಗ ನೋಡ್ತೀರಿ? ಇನ್ನೇನ್ ಬೇಕು ನಿಮಗ?

ಮುಂದ, ಊಟ. ತೂಕ ಇಳಸಾಕ ಹುಡುಗರನ್ನ ಉಪವಾಸ ಕೆಡವಬಾರದು. ವೀರೂಗ ಕಡೀ ವಾರ ದಿನಕ್ಕೊಂದು ರೊಟ್ಟಿ ಅಷ್ಟ. ಅವರವ್ವ ಹೋಳಿಗಿ ಮಾಡಿ ಗೋಡಿ ಮಾಡದಾಗ ಮುಚ್ಚಿಟ್ಟಿದ್ಲು. 'ಗೆದ್ದ ಬಂದು ತಿಂತೀನಿ ಯವ್ವಾ, ಯಾರಿಗೂ ಕೊಡಬ್ಯಾಡ' ಅಂದು ಹೋಗಿದ್ದ. ಆಕಿ ಅದನ್ನ ಒಂಬತ್ತು ದಿನ ತಗೀಲಿಲ್ಲ. ಇರಿವಿ ಹತ್ತಿದ್ವು... ನಾ ಯಾಕ ಇದನ್ನ ಹೇಳಾಕತ್ತೇನಿ. ಇದನ್ನ ಬರೀಬ್ಯಾಡ್ರಿ. ಇಷ್ಟ ಬರೀರಿ: ತೂಕ ಹೆಚ್ಚಾದ್ರ ಹೊಟ್ಟಿತುಂಬ ಉಣಿಸಿ ಮ್ಯಾಲಿನ ಗುಂಪಿನಾಗ ಆಡಸ್ರಿ. ಸೋತ್ರ ಸೋಲ್ಲಿ. ಸೋತ ಹುಡುಗ ಮನಿಗೆ ಬರ್ತಾನ.

ಹೂಂ, ಈ ಸಾಲು ಚಲೋ ಬಂತು. ಎರಡು ಸಲ ಬರೀರಿ ಬೇಕಾದ್ರ.

ಆಮ್ಯಾಲ, ಅವ್ವನ್ನ ಸಂಗಾಟ ಕರಕೊಂಡು ಹೋಗಬೇಕು. ಇದನ್ನ ದಪ್ಪ ಅಕ್ಷರದಾಗ ಬರೀರಿ. ಮಗನ ತುಟಿ ಒಣಗಿದ್ದು ಅವ್ವಗ ಕಾಣಸ್ತೈತಿ, ಅಪ್ಪಗ ಗೆಲ್ಲೂ ಕಪ್ಪು ಅಷ್ಟ ಕಾಣಸ್ತೈತಿ. ಮಂಗಳವ್ವನೂ ಬರ್ತೀನಿ ಅಂದಿದ್ಲು. 'ಲಂಗೋಟ ಕಟ್ಟಿದ ಹುಡುಗರ ನಡುವ ನಿನಗೇನ್ ಕೆಲಸ' ಅಂತ ಗದರಿಸಿದ್ನಿ. ಕದರಮಂಡಲಗಿ ಹನುಮಪ್ಪಗ ಎಣ್ಣಿ ಹಾಕಿ ಬಾ ಅಂತ ಆಕಿನ್ನ ಆ ಕಡೆ ಕಳಸಿ, ನಾವು ಈ ಕಡೆ ಪಂದ್ಯಕ್ಕಂತ ರಾಣೆಬೆನ್ನೂರ ಬಸ್ ಹತ್ತಿದ್ವಿ. ಆಕಿ ಅಲ್ಲಿ ಸಾಲಾಗ ನಿಂತಿದ್ಲು, ಇಲ್ಲಿ ಹುಡುಗ... ಡಾಕ್ಟರ್ ಒಬ್ಬ ಮೈದಾನದಾಗ ಅದಾನೋ ಇಲ್ಲೋ ಮೊದಲ ಕೇಳಬೇಕು ಅಂತನೂ ಬರೀರಿ. ನಾವು ಕೇಳಲಿಲ್ಲ. ತರಕಾರಿ ಟೆಂಪೋದಾಗ ಹಾಕ್ಕೊಂಡು ಆಸ್ಪತ್ರಿಗೆ ಓಡಿದ್ವಿ, ಬಾಡಿಗೀದು. ನಿಮ್ಮ ತೊಡಿ ಮ್ಯಾಲ ಅವನ ತಲಿ ಇತ್ತು. ನಿಮ್ಮ ಅಂಗಿ ಹರದು ತೊಯಿಸಿ ಅವನ ಎದಿ ಮ್ಯಾಲ ಇಟ್ಟಿದ್ರಿ.

ಇನ್ನೊಂದು ಉಳೀತು. ನೀರು.

ಬರೀರಿ: ಹುಡುಗ ನೀರು ಕೇಳಿದ್ರ ಕೊಡಬೇಕು. ವಸ್ತಾದ ಬ್ಯಾಡಂದ್ರೂ ಕೊಡಬೇಕು.

...ಬರೀರಿ. ಯಾಕ ನಿಂತಿತು ಪೆನ್ನು? ಶಾಯಿ ಮುಗೀತೇನು? ಆ ಮಾಡದಾಗ ನನ್ನ ಪೆನ್ನು ಐತಿ, ಕೊಡ್ತೀನಿ ತಡೀರಿ... ಅದಲ್ಲೇನು? 'ವಸ್ತಾದ ಬ್ಯಾಡಂದ್ರೂ', ಅದು ಬ್ಯಾಡಾತೇನು ನಿಮಗ? ಊರಿಗೆಲ್ಲಾ ಗೊತ್ತಿದ್ದ ಮಾತು ವಸ್ತಾದರ ಅದು. ಇವತ್ತ ನಾ ಹೊಸದಾಗಿ ಹೇಳಿದ್ದಲ್ಲ.

ಹೌದು, ಊರಿಗೆ ಹೇಳಿದವ ನಾನ. ಮತ್ತ್ಯಾರ್ ಹೇಳ್ತಾರ?

ನನ್ನ ಯಾಕ ನೋಡ್ತೀರಿ, ಹಾಳಿ ನೋಡ್ರಿ. ಸಿಟ್ಟಿದ್ರ ಬೈರಿ. ಎದ್ದು ಹೋಗ್ರಿ ಬೇಕಾದ್ರ. ಹಿಂಗ ಸುಮ್ಮ ಕುಂದ್ರಬ್ಯಾಡ್ರಿ. ನೀವು ಯಾವಾಗಲೂ ಹಿಂಗ. ಪೊಲೀಸರು ಕೇಳಿದಾಗೂ ನೆಲ ನೋಡಿಕೊಂತ ನಿಂತ್ರಿ. ಗರಡಿಗೆ ಕೀಲಿ ಬಿತ್ತು, ಸುಮ್ಮಿದ್ರಿ. ಊರು ಬಿಟ್ಟು ಹೈವೇ ಮಗ್ಗಲ ಪಂಕ್ಚರ್ ಅಂಗಡಿ ಇಟ್ರಿ, ಸುಮ್ಮಿದ್ರಿ. ಒಂದು ಮಾತು ಅಂದಿದ್ರ ಸಾಕಿತ್ತು ನೀವು. ಯಾಕ ಅನಲಿಲ್ಲ? ಮಗ ಅಂತೂ ಹೋದ, ಇವಗ ಹೆಂಡತಿ ಆದ್ರೂ ಉಳೀಲಿ ಅಂತನ? ಹೇಳ್ರಿ. ಅದಕ್ಕನ?

ನಾಕು ವರ್ಷ ನಿಮ್ಮ ಈ ಸುಮ್ಮತನ ಉಂಡೇನಿ ನಾನು. ಅದು ಅರಗಂಗಿಲ್ರಿ.

ಹುಡುಗ ನೀರು ಕೇಳಿದಾಗ ನೀವು ಅಲ್ಲಿ ಇರಲೇ ಇಲ್ಲ.

ಅವತ್ತ ಮುಂಜಾನೆ ಪಂದ್ಯದವರ ತಕ್ಕಡಿ ನಲವತ್ತೇಳು ತೋರಿಸ್ತು. ನಾ ಜಗಳಕ್ಕ ನಿಂತೆ, 'ನಿಮ್ಮ ತಕ್ಕಡಿ ಕೆಟ್ಟೈತಿ, ನಾ ಬ್ಯಾಡಗಿ ಮಾರ್ಕೆಟ್ಟಿನ ತೂಕದವ' ಅಂತ. ಅಲ್ಲಿದ್ದವನೊಬ್ಬ ನಕ್ಕ. 'ಊರ ಮಾಲೆಲ್ಲಾ ತೂಗಿದವಗ ಮಗನ್ನ ತೂಗಾಕ ಬರಲಿಲ್ಲ' ಅಂದ. ನೀವು ನನ್ನ ರಟ್ಟಿ ಹಿಡದು ಈಚಿಗೆ ತಂದ್ರಿ. 'ಬಿಡು ಸೋಮಣ್ಣ, ಹುಡುಗಗ ಏನರೆ ತಿನ್ನಸು, ನೀರು ಕುಡಸು. ಐವತ್ತರ ಗುಂಪಿನಾಗ ಆಡ್ಲಿ. ನಾ ಹೆಸರು ಬದಲಿ ಮಾಡಿಸ್ಕೊಂಡು ಬರ್ತೀನಿ' ಅಂತ ಆಫೀಸಿಗೆ ಹೋದ್ರಿ.

ನೀರು ಕುಡಸು ಅಂತ ಹೇಳಿ ಹೋದ್ರಿ ನೀವು.

ಒಂಬತ್ತಕ್ಕ ಇನ್ನೊಮ್ಮೆ ತೂಗ್ತೀವಿ ಅಂದಿದ್ರು ಅವರು. ಒಂದು ಕಿಲೋ. ಒಂದು ಕಿಲೋ ಇಳಿಸಿ ನನ್ನ ಕಾಟಾ ಖರೇ ಅಂತ ತೋರಸಬೇಕಾಗಿತ್ತು ನನಗ. ಹುಡುಗಗ ಎರಡು ಸ್ವೆಟರ್ ತೊಡಿಸಿ, ಮ್ಯಾಲ ಕಂಬಳಿ ಸುತ್ತಿ, ಮೈದಾನದ ಹಿಂದ ಓಡಸಾಕ ಹಚ್ಚಿದ್ನಿ. ಏಪ್ರಿಲ್ ಬಿಸಲು. ಬಾಟಲಿ ನನ್ನ ಹೆಗಲ ಚೀಲದಾಗ ಇತ್ತು, ತುಂಬಿದ್ದು. ಒಂದು ಸಲ ಕೇಳಿದ. ಎರಡನೇ ಸಲ ಕೇಳಿದ. ಮೂರನೇ ಸಲ ಬಂದು ನನ್ನ ಮುಂದ ನಿಂತು, ಬೆವರೂ ಬರೂದು ನಿಂತಿತ್ತು ಅವಗ, 'ಅಪ್ಪಾ, ನುಂಗೂದಿಲ್ಲಪಾ. ಬಾಯಾಗ ಹಾಕ್ಕೊಂಡು ಉಗುಳಿಬಿಡ್ತೀನಿ' ಅಂದ.

ನಾ ಏನಂದೆ ಗೊತ್ತೇನು ನಿಮಗ... 'ಇನ್ನೊಂದು ಸುತ್ತು' ಅಂದೆ.

ಹೋದ. ನನ್ನ ಮಾತು ಎಂದೂ ಮೀರಿದವ ಅಲ್ಲ. ಗೋಡಿ ಆ ಕಡೆ ಹೋದವ ಈ ಕಡೆ ಬರಲಿಲ್ಲ. ನೀವು ಐವತ್ತರ ಚೀಟಿ ಹಿಡಕೊಂಡು ಓಡಿ ಬಂದ್ರಿ, ನಗನಗತ.

ಆಸ್ಪತ್ರ್ಯಾಗ ಮಂಗಳವ್ವ ಬಂದು 'ನನ್ನ ಮಗಗ ನೀರು ಯಾರು ಬ್ಯಾಡಂದ್ರು' ಅಂತ ನನ್ನ ಅಂಗಿ ಹಿಡದಾಗ ನಿಮ್ಮ ಕಡೆ ಬೆರಳು ತೋರಿಸಿದ್ನಿ. ನೀವು ನನ್ನ ಮಾರಿ ನೋಡಿದ್ರಿ. ಈಗ ನೋಡಾಕತ್ತೀರಲ್ಲ, ಹಿಂಗ ನೋಡಿದ್ರಿ.

...ವಸ್ತಾದರ, ಒಳಗ ಸಪ್ಪಳ ನಿಂತೈತಿ. ತೊಟ್ಟು ಮುರಿಯೂ ಸಪ್ಪಳ. ಯಾವಾಗ ನಿಂತಿತು? ನಿಮಗ ಗೊತ್ತಾಗಿತ್ತೇನು?

ಇರ್ಲಿ. ಕುಂದ್ರಿ, ಏಳಬ್ಯಾಡ್ರಿ. ಆ ಸಾಲು ಹೊಡದು ಹಾಕ್ರಿ. ಹುಡುಗ ನೀರು ಕೇಳಿದ್ರ ಕೊಡಬೇಕು, ಅವನ ಅಪ್ಪ ಬ್ಯಾಡಂದ್ರೂ ಕೊಡಬೇಕು, ಅಂತ ಬರೀರಿ. ಕೊಡ್ರಿ ಇಲ್ಲೆ. ಸಹಿ ಅಷ್ಟ ಅಲ್ಲ, ಕೆಳಗ ವೀರೇಂದ್ರನ ತಂದಿ ಅಂತನೂ ಬರೀತೀನಿ.

ಮಂಗಳಾ... ಬಾಗಲ ಹಿಂದ ನಿಂತಿಯೇನು? ಎಲ್ಲಾ ಕೇಳಿದ್ಯೇನು? ನನಗ ಏನ್ ಅಂತೀಯೋ ಆಮ್ಯಾಲ ಅನ್ನು, ಏನ್ ಮಾಡ್ತೀಯೋ ಮಾಡು. ಮೊದಲ ಹೊರಗ ಬಂದು ಈ ತಂಬಗಿ ಚೆಲ್ಲಿ, ಬ್ಯಾರೆ ನೀರು ತಂದು ವಸ್ತಾದರಿಗೆ ನೀನ ಕೊಡು. ನನ್ನ ಕೈಯಾಗಿನ ನೀರು ಅವರು ಕುಡಿಯೂದಿಲ್ಲ.