ಜೆಸಿಬಿಗೆ ಅಡ್ಡ ಮಲಗಿದವರ ಕಾಮೆಂಟು

ಹುಬ್ಬಳ್ಳಿಯಲ್ಲಿ ಯಾರಾದರೂ ಕೆಮ್ಮಿದರೆ ಗುಡಗೇರಿಯಲ್ಲಿ ಕೂತೇ ಅವರ ಹೆಸರು ಹೇಳುವಂಥ ಕಿವಿ ಯಲ್ಲೇಶನದು. ಅಂದು ಸ್ಟೇಶನ್ನಿನ ಬೆಂಚಿನಲ್ಲಿ ಅವನ ಪಕ್ಕದಲ್ಲೇ ಇಬ್ಬರು ಹಳೇ ವೈರಿಗಳು ಕೂತಿದ್ದರು: ಪಂಚಾಯ್ತಿಯ ಮಾಜಿ ಅಧ್ಯಕ್ಷೆ ಕಸ್ತೂರೆವ್ವ, ಅವಳೆದುರು ಮೂರು ಸಲ ಸೋತ ಮಡಿವಾಳೆಪ್ಪ. ಅವರು ಮಾತಾಡಿದ್ದು ಕೇಳಿ ಸ್ಟೇಶನ್ನಿನ ಗಡಿಯಾರವೇ ಬೆಚ್ಚಿ ನಿಂತಿತು.

“ಅಣ್ಣಾರ, ಮೊಬೈಲ್ ಪೇಪರಿನ್ಯಾಗ ಆ ಸುದ್ದಿ ಕೆಳಗ ನೀವ ಬರದೀರಂತ, ಹೌದೇನ್ರಿ?” ಕಸ್ತೂರೆವ್ವ ಕೇಳಿದಳು.

“ಹೌದು. ಕೆರಿ ಹೂಳ ತಾನ ತೆಗಿಸೇನಿ ಅಂತ ಈಗಿನ ಅಧ್ಯಕ್ಷ ಹಾಕಿಸ್ಯಾನ. ಸುಳ್ಳದು, ಹತ್ತ ವರ್ಷದ ಹಿಂದ ಕಸ್ತೂರೆವ್ವ ತೆಗಿಸ್ಯಾಳ ಅಂತ ಬರದೆ.”

“ಅಂವ ನಿಮ್ಮ ಅಣ್ಣನ ಮಗ ಅಲ್ಲೇನ್ರಿ?”

“ಆದ್ರೇನಾತು? ಅದರ ಕೆಳಗ ಅವನ ಕಡ್ಯಾವ್ರು ನಿನಗೇನ ಗೊತ್ತು ಅಂತ ಕೇಳಿದ್ರು. ಆವತ್ತ ಹೂಳ ತೆಗಿಬ್ಯಾಡ ಅಂತ ಜೆಸಿಬಿಗೆ ಅಡ್ಡ ಮಲಗಿದಾಂವನ ನಾನು, ನನಗ ಗೊತ್ತಿರದ ಮತ್ಯಾರಿಗೆ ಗೊತ್ತಿರತೈತಿ ಅಂತ ಹೆಸರ ಹಾಕೇ ಬರದೇನಿ.”

ಕಸ್ತೂರೆವ್ವ ಕಣ್ಣೊರೆಸಿಕೊಂಡಳು. ಆ ಕಣ್ಣೀರಿಗೆ ಕೆರೆ ಇನ್ನೊಮ್ಮೆ ಕೋಡಿ ಬೀಳುತ್ತಿತ್ತು.

“ಭಾಳ ಉಪಕಾರ ಆತ್ರಿ. ಆ ಸುದ್ದಿ ಓದಿ ನನ್ನ ಮೊಮ್ಮಕ್ಕಳ ಸೈತ ನನ್ನ ನಂಬಲಿಲ್ಲ. ಆದ್ರ ನೀವು ಬರದದ್ರಾಗ ಒಂದ ತಪ್ಪೈತಿ.”

“ಏನ ತಪ್ಪು?” ಮಡಿವಾಳೆಪ್ಪ ಚಷ್ಮಾ ಏರಿಸಿದ.

“ಅಡ್ಡ ಮಲಗಿದ್ದಷ್ಟ ಬರದೀರಿ. ಮೂರನೇ ದಿನ ಜೆಸಿಬಿ ಕೆಟ್ಟಾಗ ನೀವ ಬಂದು ಬುಟ್ಟಿಲೆ ಮಣ್ಣ ಹೊತ್ತದ್ದ ಬಿಟ್ಟೀರಿ.”

“ಅದನ್ಯಾರ ನೋಡಿದ್ರಬೇ?”

“ನಾ ನೋಡೇನಿ. ಗಾಡ್ಯಾಗ ಕುಂತ ಬರೀತೇನಿ, ನನ್ನ ಹೆಸರ ಹಾಕಿ.”

ರೈಲು ಬಂತು. ಇಬ್ಬರೂ ಒಂದೇ ಡಬ್ಬಿ ಹತ್ತಿದರು. ಅದೇ ರೈಲಿಗೆ ಹೋಗಬೇಕಿದ್ದ ಯಲ್ಲೇಶ ಮಾತ್ರ ಮೊಬೈಲ್ ತೆಗೆದು, ಆ ಕಾಮೆಂಟಿಗಾಗಿ ಕಾಯುತ್ತ ಬೆಂಚಿನಲ್ಲೇ ಉಳಿದ.