ಗ್ರೈಂಡರಿಗೊಂದು ಬ್ಯಾಟರಿ

ರಾಯಪುರಂನ ಬ್ಯಾಟರಿ ಅಂಗಡಿಯಲ್ಲಿ ನನ್ನ ಮುಂದೆ ವಯಸ್ಸಾದ ಗಂಡ ಹೆಂಡತಿ ನಿಂತಿದ್ದರು. ಮಾತು ಕರಾವಳಿಯ ಕನ್ನಡ. ಹೊರಗೆ ಹಾಸಿಗೆ, ಒಲೆ ಎಲ್ಲ ಇದ್ದ ಅವರ ವ್ಯಾನು.

“ಸ್ಟಾರ್ಟ್ ಮಾಡುವ ಬ್ಯಾಟರಿಯನ್ನೇ ಇನ್ನೂ ದೊಡ್ಡದು ತೆಗೊಳ್ಳುವ ವಿಮಲಾ. ಎಲ್ಲದಕ್ಕೂ ಅದೊಂದೇ ಸಾಕು.”

“ರಾಮೇಶ್ವರದಲ್ಲಿ ಅದಕ್ಕೇ ಅಲ್ವಾ ನೀವು ಗ್ರೈಂಡರ್ ಹಾಕಿದ್ದು? ಹಿಟ್ಟು ನುಣ್ಣಗಾಯ್ತು, ವ್ಯಾನು ಸ್ಟಾರ್ಟೇ ಆಗ್ಲಿಲ್ಲ.”

“ನಲವತ್ತು ವರ್ಷ ಹೋಟೆಲಲ್ಲಿ ಹಿಟ್ಟು ರುಬ್ಬಿದವ ನಾನು. ಪ್ಯಾಕೆಟ್ ಹಿಟ್ಟಿನ ಇಡ್ಲಿ ತಿನ್ನುದಿಲ್ಲ.”

“ತಿನ್ಬೇಡಿ. ಗ್ರೈಂಡರಿಗೆ, ಫ್ಯಾನಿಗೆ ನಿಧಾನಕ್ಕೆ ಕರೆಂಟ್ ಕೊಡುವ ಬ್ಯಾಟರಿ ಬೇರೆಯೇ ಉಂಟು. ಅದನ್ನು ತೆಗೊಳ್ಳಿ.”

“ಮಗಳು ವೀಕ್ಷಾ ಬಯ್ತಾಳೆ ಮಾರಾಯ್ತಿ. ಈ ಪ್ರಾಯದಲ್ಲಿ ತಿರುಗಿದ್ದು ಸಾಕು, ವ್ಯಾನು ಮಾರಿ ಅಂತಾಳೆ.”

“ಅನ್ಲಿ. ನೀವು ದಿನಾ ಮೂರು ಗಂಟೆಗೆ ಎದ್ದು ಹೋಟೆಲಿಗೆ ಓಡುವಾಗ ಯಾರೂ ಸಾಕು ಅನ್ಲಿಲ್ಲ.”

ಯಜಮಾನರು ಹೆಂಡತಿ ಹೇಳಿದ ಬ್ಯಾಟರಿಯತ್ತ ಬೆರಳು ಮಾಡಿ ಅಂಗಡಿಯವನಿಗೆ ತಮಿಳಿನಲ್ಲಿ, “ಅದೇ ಕುಡುಂಗ ತಂಬಿ” ಎಂದರು.

ಬಾಗಿಲು ದಾಟುವಾಗ ವಿಮಲಾ ಅವರ ದನಿ ಕೇಳಿತು: “ಬೇಗ ಜೋಡಿಸಿ. ವ್ಯಾನಲ್ಲಿ ಉದ್ದು ನೆನೆಹಾಕಿ ಆಗಿದೆ. ಮನೆಗೆ ಹೋಗುದು ಬೇಡ, ಸೀದಾ ಕನ್ಯಾಕುಮಾರಿ.”